ಗೀರುಬಿದ್ದ ಕೇಸು, ಹೊಸ ಕೇಸು, ಕೇಸೇ ಇಲ್ಲದ ಪ್ರತಿ: ನನ್ನ ದುಡ್ಡು ಯಾವುದಕ್ಕೆ?

ಗ್ರೇಡ್ ಆದ, ಅಂದರೆ ಕಂಪನಿಯೊಂದು ಸ್ಥಿತಿ ನೋಡಿ 10ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಕೇಸಿನಲ್ಲಿ ಮುಚ್ಚಿದ ಹಳೇ ಕಾಮಿಕ್ ಕೊಳ್ಳೋ ಆಸೆ ಇದ್ದರೆ, ಆ ಕೇಸು ಸವೆದಿರುವುದನ್ನೇ ಹುಡುಕಿ. ಗೀರಿರಲಿ, ಮಂಕಾಗಿರಲಿ, ಹಳೇ ಬೆಲೆ ಚೀಟಿಯ ಗೋಂದು ಉಳಿದಿರಲಿ, ಪರವಾಗಿಲ್ಲ. ಬಿರುಕು ಮಾತ್ರ ಬೇಡ. ನಾನಿರುವುದು ನ್ಯೂಜೆರ್ಸಿಯಲ್ಲಿ. 1970ರ ದಶಕದ ಮಾರ್ವೆಲ್ ಕಾಮಿಕ್‌ಗಳನ್ನು ಮೂರೂ ಬಗೆಯಲ್ಲಿ ಕೊಂಡು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನನಗೆ ಬೇಕಿದ್ದದ್ದು 'ದಿ ಇನ್‌ಕ್ರೆಡಿಬಲ್ ಹಲ್ಕ್' 181ನೇ ಸಂಚಿಕೆ. ಕವರ್ ಮೇಲಿನ ತಿಂಗಳು ನವೆಂಬರ್ 1974, ಬೆಲೆ 25 ಸೆಂಟ್. ಮಾರ್ವೆಲ್‌ನ ಜನಪ್ರಿಯ ನಾಯಕ ವುಲ್ವರಿನ್ ಪೂರ್ತಿಯಾಗಿ ಕಾಣಿಸಿಕೊಂಡ ಮೊದಲ ಸಂಚಿಕೆ ಅದು. ಹಾಗಾಗಿ ಸಾಧಾರಣ ಸ್ಥಿತಿಯ ಪ್ರತಿಗೂ ಸಾವಿರಗಟ್ಟಲೆ ಡಾಲರ್ ಬೇಕು.

ಮೊದಲು ಕೇಸಿಲ್ಲದ ಪ್ರತಿ ತರಿಸಿದೆ. ಕೇಸಿಲ್ಲದ್ದನ್ನು ಇಲ್ಲಿ ರಾ ಅಂತಾರೆ. ಕೈಯಲ್ಲಿ ಹಿಡಿದು ಪುಟ ತಿರುಗಿಸಬಹುದು, ಹಳೇ ಕಾಗದದ ವಾಸನೆ ಸಿಗುತ್ತದೆ. ಆ ಸುಖ ಕೇಸಿನಲ್ಲಿ ಇಲ್ಲವೇ ಇಲ್ಲ. ಆದರೆ ಈ ಸಂಚಿಕೆಗೆ ಒಂದು ದೊಡ್ಡ ಅಪಾಯ ಇದೆ. 1974ರಲ್ಲಿ ಮಾರ್ವೆಲ್‌ನವರು ಓದುಗರ ಪತ್ರದ ಪುಟದಲ್ಲಿ 'ವ್ಯಾಲ್ಯೂ ಸ್ಟ್ಯಾಂಪ್' ಅಂತ ಪುಟ್ಟ ಚಿತ್ರ ಅಚ್ಚು ಹಾಕುತ್ತಿದ್ದರು. ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿಕೊಳ್ಳಿ ಅಂತ ಮಕ್ಕಳಿಗೆ ಅವರೇ ಹೇಳುತ್ತಿದ್ದರು. 181ರಲ್ಲಿರುವುದು 54ನೇ ಸ್ಟ್ಯಾಂಪ್, ಶಾನಾ ಅನ್ನುವ ಪಾತ್ರದ್ದು. ಎಷ್ಟೋ ಮಕ್ಕಳು ಅದನ್ನು ಕತ್ತರಿಸಿಬಿಟ್ಟರು. 'ಎಲ್ಲ ಪುಟ ಸರಿ ಇದೆ' ಅಂದಿದ್ದ ಮಾರಾಟಗಾರನ ಪ್ರತಿ ಬಿಚ್ಚಿದರೆ, ಸ್ಟ್ಯಾಂಪ್ ಇರಬೇಕಾದ ಜಾಗದಲ್ಲಿ ಚೌಕಾಕಾರದ ತೂತು. ವಾಪಸ್ ಕಳಿಸಿ ದುಡ್ಡು ಬರುವಷ್ಟರಲ್ಲಿ ಸಾಕುಸಾಕಾಯಿತು. ಸ್ಟ್ಯಾಂಪ್ ಇಲ್ಲದ ಪ್ರತಿ ಗ್ರೇಡಿಂಗ್‌ಗೆ ಹೋದರೆ ದೊಡ್ಡ ಕೊರತೆ ಇದೆ ಅಂತ ಸೂಚಿಸುವ ಹಸಿರು ಲೇಬಲ್ ಬರುತ್ತದೆ, ಇಲ್ಲವೇ ಗ್ರೇಡ್ ತಳಕ್ಕೆ ಬೀಳುತ್ತದೆ. ಎರಡೂ ಸಂದರ್ಭದಲ್ಲಿ ಬೆಲೆ ಕುಸಿಯುತ್ತದೆ. ಇಷ್ಟು ದುಡ್ಡಿನ ಸಂಚಿಕೆಯನ್ನು ನೋಡದೆ ರಾ ಆಗಿ ಕೊಳ್ಳುವ ಮಾತೇ ಇಲ್ಲ ಅಂತ ಆಗಲೇ ತೀರ್ಮಾನಿಸಿದೆ.

ಹೊಸ, ಥಳಥಳ ಕೇಸಿನ ಪ್ರತಿಯ ಬಗ್ಗೆ ಹೇಳಲು ಜಾಸ್ತಿ ಇಲ್ಲ. 1975ರ 'ಜಯಂಟ್ ಸೈಜ್ ಎಕ್ಸ್-ಮೆನ್' ಮೊದಲ ಸಂಚಿಕೆ ನನ್ನ ಹತ್ತಿರ ಹಾಗಿದೆ. ಚೆನ್ನಾಗಿದೆ, ದುಬಾರಿ. ಕೇಸು ಹೊಸದಾದ ಮಾತ್ರಕ್ಕೆ ನೋಟ ಶುದ್ಧವಾಗಿರುತ್ತದೆ ಅಂತಲೂ ಅಲ್ಲ. ಎರಡು ಪದರ ಪ್ಲಾಸ್ಟಿಕ್ ತೀರಾ ಹತ್ತಿರ ಬಂದರೆ, ಮಳೆಗಾಲದ ರಸ್ತೆಯಲ್ಲಿ ಪೆಟ್ರೋಲ್ ಹನಿ ಬಿದ್ದ ಹಾಗೆ ಬಣ್ಣದ ಉಂಗುರಗಳು ಕಾಣುತ್ತವೆ. ನ್ಯೂಟನ್ ಉಂಗುರ ಅಂತಾರೆ. ಒರೆಸಿದರೆ ಹೋಗುವುದಲ್ಲ ಅದು.

ಕೊನೆಗೆ ನಾನು ಕೊಂಡ 181 ಗ್ರೇಡಿಂಗ್ ಕಂಪನಿ ಸಿಜಿಸಿಯ 4.0 ಗ್ರೇಡಿನದು, ಅಂಥ ಕೊರತೆ ಇಲ್ಲದವಕ್ಕೆ ಕೊಡುವ ನೀಲಿ ಲೇಬಲ್. ಅದೇ ಗ್ರೇಡಿನ, ಕೇಸು ಹೊಸದಿದ್ದ ಇನ್ನೊಂದು ಪ್ರತಿಗಿಂತ ಸುಮಾರು 250 ಡಾಲರ್ ಕಡಿಮೆ. ಕಾರಣ ಕೇಸಿನ ಸ್ಥಿತಿ ಅಷ್ಟೇ. ಮುಂದೆಲ್ಲ ಸಣ್ಣ ಗೀರು, ಮೂಲೆ ಮಸುಕು.

ಈಗ ನನ್ನನ್ನು ನಿಜವಾಗಿ ಕಾಡಿದ ವಿಷಯಕ್ಕೆ ಬರುತ್ತೇನೆ. ಫೋಟೋದಲ್ಲಿ ವುಲ್ವರಿನ್‌ನ ಹಳದಿ ಉಡುಪಿನ ಮೇಲೆ ಒಂದು ಬಿಳಿ ಗೆರೆ ಕಾಣುತ್ತಿತ್ತು. ಅದು ಕೇಸಿನ ಗೀರೋ, ಕವರಿನ ಮಡಿಕೆಯೋ? ಗ್ರೇಡ್ 9.8 ಆಗಿದ್ದರೆ ಈ ಪ್ರಶ್ನೆ ಸುಲಭ. ಅಂಥ ಪ್ರತಿಯಲ್ಲಿ ಅಷ್ಟುದ್ದ ಮಡಿಕೆ ಇರಲು ಸಾಧ್ಯವಿಲ್ಲ. ಒಂದೋ ಕೇಸಿನದು, ಇಲ್ಲವೇ ಆಮೇಲೆ ಆದ ಹಾನಿ. 4.0 ಅಂದರೆ ಮಡಿಕೆ ಇರುವುದು ಸಾಮಾನ್ಯ. ಹಾಗಾಗಿ ಲೇಬಲ್ ಓದಿ ಏನೂ ತಿಳಿಯುವುದಿಲ್ಲ. ಮಡಿಕೆ ಹಿಂಬದಿಯ ಕವರಿನಲ್ಲಿದ್ದರೆ ನನಗೆ ಚಿಂತೆಯಿಲ್ಲ. ವುಲ್ವರಿನ್‌ನ ಎದೆಯ ಮೇಲಿದ್ದರೆ ಆ ಪ್ರತಿಯೇ ಬೇಡ. ಕೊಳ್ಳುವುದೇ ಅವನನ್ನು ನೋಡುವುದಕ್ಕೆ ಅಲ್ವಾ?

ಮಾರಾಟಗಾರನನ್ನು ಕೇಳಿದರೆ 'ಕೇಸಿನದೇ ಇರಬೇಕು' ಅಂದ. ಇನ್ನಷ್ಟು ಫೋಟೋ ಕಳಿಸಿದ. ಎಲ್ಲವೂ ನೇರವಾಗಿ ಎದುರಿನಿಂದ ತೆಗೆದವು. ಫ್ಲ್ಯಾಶ್ ಬೆಳಕು ಬಿದ್ದು ಅರ್ಧ ಕವರ್ ಬೆಳ್ಳಗೆ. ಗೆರೆ ಅಲ್ಲೇ ಇತ್ತು, ಉತ್ತರ ಇರಲಿಲ್ಲ. ನೇರ ಫೋಟೋ ಎಷ್ಟು ಚೆನ್ನಾಗಿದ್ದರೂ ಇದಕ್ಕೆ ಉತ್ತರ ಕೊಡಲಾರದು.

ಉತ್ತರ ಕೊಡುವುದು ವಿಡಿಯೊ. ಕೇಸಿನ ಹೊರಮೈಗೂ ಕವರಿಗೂ ನಡುವೆ ಒಂದಷ್ಟು ಅಂತರ ಇರುತ್ತದೆ. ಕೇಸನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ವಾಲಿಸಿದರೆ ಪ್ಲಾಸ್ಟಿಕ್ ಮೇಲಿನ ಗೀರು ಚಿತ್ರದ ಮೇಲೆ ಜಾರಿದಂತೆ ಸರಿಯುತ್ತದೆ. ಕವರಿನ ಮಡಿಕೆ ಚಿತ್ರಕ್ಕೆ ಅಂಟಿಕೊಂಡೇ ಇರುತ್ತದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಬಿಟ್ಟರೆ ಇನ್ನೂ ಸ್ಪಷ್ಟ: ಗೀರು ಮಿಂಚಿ ಮಾಯವಾಗುತ್ತದೆ, ಕೆಲವೊಮ್ಮೆ ಅದರ ನೆರಳೂ ಕವರ್ ಮೇಲೆ ಬೀಳುತ್ತದೆ. ಹೀಗೇ ವಿಡಿಯೊ ಮಾಡಿ ಅಂತ ಕೇಳಿಕೊಂಡೆ. ಮಾಡಿ ಕಳಿಸಿದ. ಗೆರೆ ಹಳದಿಯಿಂದ ಜಾರಿ ಹಲ್ಕ್‌ನ ಹಸಿರು ತೋಳಿನ ಕಡೆಗೆ ಸರಿಯಿತು. ಅವತ್ತೇ ದುಡ್ಡು ಕಳಿಸಿದೆ.

ಅದೇ ವಿಡಿಯೊದಲ್ಲಿ ಇನ್ನೂ ಎರಡು ಸಂಗತಿ ನೋಡಿಕೊಳ್ಳಿ. ಕಾಮಿಕ್ ಒಳಗೆ ನೇರವಾಗಿ ಕೂತಿದೆಯಾ, ಒಂದು ಕಡೆ ಜಾರಿದೆಯಾ ಅನ್ನುವುದು ಒಂದು. ಒಳಗೆ ಅಲುಗಾಡಿದ ಪ್ರತಿಯ ಅಂಚು ಸೀಳಬಹುದು, ಆ ಹಾನಿ ಲೇಬಲ್ಲಿನ ಗ್ರೇಡಿನಲ್ಲಿ ಸೇರಿರುವುದಿಲ್ಲ. ಇನ್ನೊಂದು, ಕೇಸಿನ ನಾಲ್ಕೂ ಅಂಚು. ಗೀರು ಬರೀ ನೋಟದ ತೊಂದರೆ. ಬಿರುಕೋ, ಅಂಚು ಬಿಚ್ಚಿದ ಗುರುತೋ ಇದ್ದರೆ ಒಳಗಿರುವುದು ಅದೇ ಪ್ರತಿ ಅನ್ನುವ ಭರವಸೆಯೇ ಹೋಗುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. ಸಿಜಿಸಿ ಕೇಸು ತೆರೆದು ಕಡಿಮೆ ದರ್ಜೆಯ ಪ್ರತಿ ತುಂಬಿ ಮಾರಿದ ಹಗರಣ 2023ರ ಕೊನೆಯಲ್ಲಿ ಬಯಲಾಯಿತು. ಅನುಮಾನವಿದ್ದ ಲೇಬಲ್ ಸಂಖ್ಯೆಗಳ ಪಟ್ಟಿಯನ್ನು ಸಿಜಿಸಿಯೇ ಹೊರಗೆ ಬಿಟ್ಟಿತು. ಲೇಬಲ್ ಮೇಲಿನ ಸಂಖ್ಯೆಯನ್ನು ಅವರ ತಾಣದಲ್ಲಿ ಹಾಕಿ ನೋಡುವುದಕ್ಕೆ ಒಂದು ನಿಮಿಷ ಸಾಕು.

ಕೇಸು ಮನೆಗೆ ಬಂದ ಮೇಲೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿದೆ. ಕೇಸಿನ ಮೇಲೆ ಸಿಂಪಡಿಸಬೇಡಿ, ಬಟ್ಟೆಗೆ ಹಾಕಿ ಉಜ್ಜಿ. ಅಂಚಿನ ಸಂದಿಗೆ ದ್ರವ ಇಳಿಯಬಾರದು. ಸಣ್ಣ ಗೀರುಗಳು ಹೆಚ್ಚುಕಡಿಮೆ ಹೋದವು, ಮಸುಕು ಹೋಯಿತು. ಉಗುರಿಗೆ ತಗಲುವಷ್ಟು ಆಳದ ಗೀರು ಉಳಿಯಿತು. ಆ ಬಿಳಿ ಗೆರೆಯೂ ತೆಳ್ಳಗೆ ಇದೆ.

ಪೂರ್ತಿ ಹೊಸ ಕೇಸೇ ಬೇಕು ಅನ್ನುವವರಿಗೆ ರೀಹೋಲ್ಡರ್ ದಾರಿ ಇದೆ. ಪ್ರತಿಯನ್ನು ಫ್ಲೋರಿಡಾದ ಸಿಜಿಸಿಗೆ ಕಳಿಸಿದರೆ ಕೇಸು ಬದಲಿಸಿ ಕೊಡುತ್ತಾರೆ. ಶುಲ್ಕ, ಇನ್ಶೂರೆನ್ಸ್ ಸಮೇತ ಹೋಗಿಬರುವ ಅಂಚೆ ಖರ್ಚು ಎಲ್ಲ ಸೇರಿಸಿ ಲೆಕ್ಕ ಹಾಕಿದೆ. ಆ 250 ಡಾಲರಿನಲ್ಲಿ ಇನ್ನೂ ಉಳಿಯುತ್ತದೆ. ಆದರೂ ನಾನು ಕಳಿಸಿಲ್ಲ. ಇಷ್ಟು ಬೆಲೆಯ ವಸ್ತು ತಿಂಗಳುಗಟ್ಟಲೆ ಕಣ್ಣಿಗೆ ಬೀಳದಿರುವುದು ನನಗೆ ಇಷ್ಟವಿಲ್ಲ.

ನಾನು ಮಾರುವುದಕ್ಕೆ ಕೊಳ್ಳುವವನಲ್ಲ. ಕಾಮಿಕ್ ಪೆಟ್ಟಿಗೆಯಲ್ಲಿರುತ್ತದೆ, ಭಾನುವಾರ ತೆಗೆದು ನೋಡುತ್ತೇನೆ, ಮತ್ತೆ ಒಳಗಿಡುತ್ತೇನೆ. ಗೋಡೆಗೆ ತೂಗುಹಾಕುವವರಿಗೆ, ಬೇಗ ಮಾರಬೇಕು ಅನ್ನುವವರಿಗೆ ಹೊಸ ಕೇಸು ಸರಿ. ಮಾರುವಾಗ ಫೋಟೋ ಚೆಂದ ಬರುವುದಕ್ಕೂ ಬೆಲೆ ಇದೆ. ನನ್ನ ಹಾಗೆ ವರ್ಷಕ್ಕೆ ಒಂದೋ ಎರಡೋ ಕೊಳ್ಳುವ ಬಜೆಟ್ ಇರುವವರು ಉಳಿದ ದುಡ್ಡನ್ನು ಗ್ರೇಡಿಗೋ, ಮುಂದಿನ ಸಂಚಿಕೆಗೋ ಹಾಕಿ. ನಾನೀಗ ಹುಡುಕುತ್ತಿರುವುದು 180. ವುಲ್ವರಿನ್ ಅದರ ಕೊನೆಯ ಪುಟದಲ್ಲಷ್ಟೇ ಬರುತ್ತಾನೆ. ಒಂದು ಪ್ರತಿ ಕಣ್ಣಿಗೆ ಬಿದ್ದಿದೆ, ಕೇಸು ಮುಂದೆಲ್ಲ ಮಂಕು. ವಾಲಿಸಿ ವಿಡಿಯೊ ಮಾಡಿ ಕಳಿಸಿ ಅಂತ ಬರೆದಿದ್ದೇನೆ.