ಬಾಸೆಲ್‌ನ ಶರತ್ಕಾಲದ ಜಾತ್ರೆ: ಮೊದಲು ಮಡಕೆ ಸಂತೆಗೆ ಹೋಗಿ

ಮೆಟ್ಟಿಲು ಹತ್ತುವಾಗ ಮೊದಲು ಸಿಕ್ಕಿದ್ದು ವಾಸನೆ. ಕಾಯಿಸಿದ ಸಕ್ಕರೆ, ಲವಂಗ, ಕೆಂಡದ ಮೇಲೆ ಹುರಿಯುತ್ತಿರುವ ಏನೋ ಒಂದು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಗಳ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಅವಳು ಕೆಲಸಕ್ಕೆ ಹೋದ ಮೇಲೆ ಸುಮ್ನೆ ಊರು ನೋಡೋಣ ಅಂತ ಹೊರಟಿದ್ದೆ. ರೈನ್ ನದಿ ದಾಟಿಸುವ ಮರದ ದೋಣಿಗೆ ಇಲ್ಲಿ ಮೋಟಾರೇ ಇಲ್ಲ. ಮೇಲಿನ ತಂತಿಗೆ ಕಟ್ಟಿಕೊಂಡು, ನೀರಿನ ಸೆಳೆತದಲ್ಲೇ ಆಚೆ ದಡ ಸೇರುತ್ತದೆ. ಆ ದೋಣಿ ಇಳಿದು, ಮ್ಯೂನ್‌ಸ್ಟರ್ ಅನ್ನುವ ಕೆಂಪು ಕಲ್ಲಿನ ಹಳೇ ಚರ್ಚಿನ ಹಿಂಭಾಗಕ್ಕೆ ಹತ್ತಿ, ಮೂಲೆ ತಿರುಗಿದೆ. ಚರ್ಚಿನ ಮುಂದಿನ ಚೌಕದ ಮೇಲೆ ದೊಡ್ಡ ಜಯಂಟ್ ವೀಲ್ ತಿರುಗುತ್ತಿತ್ತು. ಅದರ ಕೆಳಗೆ ಮಕ್ಕಳು, ಅಜ್ಜಿಯರು, ಕೈಯಲ್ಲಿ ಗುಲಾಬಿ ಬಣ್ಣದ ಕಾಗದದ ಪೊಟ್ಟಣ. ಜಾತ್ರೆ ಇದೆ ಅಂತ ಮಗಳೂ ಹೇಳಿರಲಿಲ್ಲ!

ಇದು ಹರ್ಬ್‌ಸ್ಟ್‌ಮೆಸ್ಸೆ, ಅಂದರೆ ಶರತ್ಕಾಲದ ಜಾತ್ರೆ. 1471ರಲ್ಲಿ ಚಕ್ರವರ್ತಿ ಮೂರನೇ ಫ್ರೆಡರಿಕ್ ಈ ಊರಿಗೆ ಜಾತ್ರೆ ನಡೆಸುವ ಹಕ್ಕು ಕೊಟ್ಟ. ಅಂದಿನಿಂದ ತಪ್ಪಿದ ವರ್ಷಗಳು ಕಡಿಮೆ; ಕೊರೊನಾದಿಂದಾಗಿ 2020ರಲ್ಲಿ ನಿಂತಿತ್ತು. ಅಕ್ಟೋಬರ್ 30ಕ್ಕೆ ಮೊದಲು ಬರುವ ಶನಿವಾರ, ಮಧ್ಯಾಹ್ನ 12ಕ್ಕೆ ಮಾರ್ಟಿನ್ ಚರ್ಚಿನ ಗಂಟೆ ಹೊಡೆದಾಗ ಜಾತ್ರೆ ಶುರು. ಗಂಟೆ ಹೊಡೆಯುವವರಿಗೆ ಕೂಲಿಯಾಗಿ ಒಂದು ಜೊತೆ ಕೈಗವಸು. ಶುರುವಿನ ದಿನ ಎಡಗೈಯದು ಮಾತ್ರ ಕೊಡುತ್ತಾರೆ, ಬಲಗೈಯದು ಜಾತ್ರೆ ಮುಗಿಯುವ ಗಂಟೆ ಹೊಡೆದ ಮೇಲೆ. ಮಗಳು ರಾತ್ರಿ ಇದನ್ನು ಹೇಳಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಮೊದಲ ದಿನವೇ ಇರಲಿಲ್ಲವಲ್ಲಾ ಅಂತ ಹೊಟ್ಟೆ ಉರಿಯಿತು.

ಜಾತ್ರೆ ಒಂದೇ ಮೈದಾನದಲ್ಲಿಲ್ಲ. ಊರಿನ ಚೌಕಗಳಲ್ಲಿ ಹರಡಿಕೊಂಡಿದೆ. ಬೇಲಿ ಇಲ್ಲ, ಪ್ರವೇಶಕ್ಕೆ ಟಿಕೆಟ್ ಇಲ್ಲ. ಆಟಗಳಿಗೆ ಮಾತ್ರ ಬೇರೆ ಬೇರೆ ದುಡ್ಡು. ಜಯಂಟ್ ವೀಲ್ ಹತ್ತಿದೆ. ಮೇಲೆ ಹೋದಾಗ ಚರ್ಚಿನ ಬಣ್ಣದ ಹೆಂಚಿನ ಮಾಡು ಕಣ್ಣಿನ ಮಟ್ಟಕ್ಕೆ ಬಂತು, ಅದರಾಚೆ ನದಿಯ ತಿರುವು. ಕೊಟ್ಟ ಫ್ರಾಂಕ್‌ಗೆ ಮೋಸವಿಲ್ಲ. ಸಂಜೆ ಹತ್ತಿದರೆ ಇನ್ನೂ ಚೆಂದ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಹಾಗಾಗಿ ಐದೂಕಾಲಿಗೆಲ್ಲ ದೀಪ ಹತ್ತಿರುತ್ತವೆ.

ತಿಂಡಿಯಲ್ಲಿ ನನಗೆ ಹಿಡಿಸಿದ್ದು ಮಾಗನ್‌ಬ್ರೋಟ್. ಹೆಸರಿನ ಅರ್ಥ 'ಹೊಟ್ಟೆಯ ಬ್ರೆಡ್'. ಕಂದು ಬಣ್ಣದ ಮೆತ್ತನೆ ತುಂಡುಗಳು, ಮೇಲೆ ಸಕ್ಕರೆಯ ಪದರ, ಒಳಗೆ ದಾಲ್ಚಿನ್ನಿ ಲವಂಗದ ಘಮ. ಆ ಗುಲಾಬಿ ಪೊಟ್ಟಣದಲ್ಲಿದ್ದದ್ದು ಇದೇ. ಮ್ಯಾಸ್‌ಮೊಗ್ಗೆ ಅನ್ನುವ ಪಟ್ಟೆ ಪಟ್ಟೆ ಮಿಠಾಯಿಯ ಒಳಗೆ ಹೇಜಲ್‌ನಟ್ ಹೂರಣ ಇರುತ್ತದೆ. ನನಗೆ ಸಿಹಿ ಜಾಸ್ತಿ ಆಯಿತು. ಒಂದು ಗಾಡಿಯಲ್ಲಿ ತಗೊಂಡ ಚೆಸ್ಟ್‌ನಟ್ ಅರ್ಧಕ್ಕರ್ಧ ಬೆಂದಿರಲಿಲ್ಲ, ಬೇಸರವಾಯಿತು. ಮೆಸ್ಸೆಪ್ಲಾಟ್ಸ್ ಕಡೆ ಜೋರು ಸಂಗೀತ, ತಲೆಕೆಳಗು ಮಾಡುವ ಯಂತ್ರಗಳು. ಹುಡುಗರಿಗೆ ಸರಿ, ನಾನು ಹತ್ತು ನಿಮಿಷಕ್ಕೇ ಟ್ರಾಮ್ ಹತ್ತಿದೆ.

ಈಗ ಪೀಟರ್ಸ್‌ಪ್ಲಾಟ್ಸ್. ಇದನ್ನು ಬಿಟ್ಟು ಬಂದರೆ ಈ ಜಾತ್ರೆ ನೋಡಿದ ಹಾಗೇ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ವಿಶ್ವವಿದ್ಯಾಲಯದ ಪಕ್ಕ ದೊಡ್ಡ ಮರಗಳ ತೋಪು, ಕಾಲ ಕೆಳಗೆ ಹಳದಿ ಎಲೆ. ಅಲ್ಲಿ ಸಾಲು ಸಾಲು ಅಂಗಡಿ: ಕುಂಚ, ಉಣ್ಣೆ ಟೋಪಿ, ಮಸಾಲೆ, ಮರದ ಸೌಟು. ಒಂದು ಕಡೆ ಬರೀ ಮಣ್ಣಿನ ಪಾತ್ರೆಗಳು. ಅದಕ್ಕೆ ಊರಿನವರ ಮಾತಿನಲ್ಲಿ ಹೆಫೆಲಿಮ್ಯಾರ್ಟ್, ಪುಟ್ಟ ಮಡಕೆಗಳ ಸಂತೆ.

ಒಂದು ನೀಲಿ ಹೂಜಿಯನ್ನು ನಾನು ಮೂರು ಸಲ ಎತ್ತಿ ಇಟ್ಟೆ. ಕುಂಬಾರಿಕೆ ಮಾಡುವ ಆಕೆಗೆ ನನ್ನ ಭಾಷೆ ಬಾರದು, ನನಗೆ ಅವರದ್ದು ಬಾರದು. ಆಕೆ ತಮ್ಮ ಬಾಟಲಿಯ ನೀರನ್ನು ಹೂಜಿಗೆ ಸುರಿದು, ಒಂದು ಬಟ್ಟಲಿಗೆ ಬಗ್ಗಿಸಿ, ಥಟ್ಟನೆ ನೆಟ್ಟಗೆ ಮಾಡಿದರು. ಆಮೇಲೆ ಮೂತಿಯ ಕೆಳಗೆ ಬೆರಳಾಡಿಸಿ ತೋರಿಸಿದರು. ಒಂದು ಹನಿಯೂ ಇಳಿದಿರಲಿಲ್ಲ. ಇಷ್ಟು ವರ್ಷ ಮೂತಿಯಿಂದ ಸೋರುವ ಪಾತ್ರೆಗಳಲ್ಲೇ ಹಾಲು ಬಗ್ಗಿಸಿದವಳು ನಾನು. ಮಾತಿಲ್ಲದೆ ಅರ್ಥವಾಯಿತು. ಮಾರುವವರೇ ಮಾಡಿದವರೂ ಆಗಿದ್ದರೆ ಹೀಗೆ, ಅಲ್ವಾ? ಬೆಲೆ ಕಡಿಮೆಯಲ್ಲ. ಆದರೂ ಹಿಂದೆ ಮುಂದೆ ನೋಡದೆ ಕೊಂಡೆ. ಕಾರ್ಡ್ ನಡೆಯಲಿಲ್ಲ, ಇದ್ದ ನಗದು ಅಲ್ಲೇ ಖಾಲಿಯಾಯಿತು. ನೀವು ಹೋದರೆ ಕೈಯಲ್ಲಿ ಸ್ವಲ್ಪ ಫ್ರಾಂಕ್ ಇಟ್ಟುಕೊಳ್ಳಿ.

ವಾರದ ನಡುವೆ, ಬೆಳಕಿರುವಾಗಲೇ ಪೀಟರ್ಸ್‌ಪ್ಲಾಟ್ಸ್‌ಗೆ ಹೋಗಿ. ಶನಿವಾರ ಸಂಜೆ ಮಗಳ ಜೊತೆ ಹೋದಾಗ ಪಾತ್ರೆ ಮುಟ್ಟಿ ನೋಡಲೂ ಜಾಗವಿರಲಿಲ್ಲ. ಅಲ್ಲಿಂದ ನಡೆದೇ ಮ್ಯೂನ್‌ಸ್ಟರ್ ಕಡೆ ಇಳಿದು ಹತ್ತಿದರೆ ಕತ್ತಲಾಗುವ ಹೊತ್ತಿಗೆ ಜಯಂಟ್ ವೀಲ್ ಸಿಗುತ್ತದೆ. ದಾರಿ ಏರಿಳಿತದ್ದು, ಕಲ್ಲು ಹಾಸಿದ್ದು. ಮಂಡಿ ನೋವಿದ್ದವರು ನಿಧಾನ.

ಜಾತ್ರೆ ಎರಡು ವಾರ. ಪೀಟರ್ಸ್‌ಪ್ಲಾಟ್ಸ್‌ನಲ್ಲಿ ಮಾತ್ರ ಇನ್ನೆರಡು ದಿನ ಜಾಸ್ತಿ. ಆ ಕೊನೆಯ ಮಂಗಳವಾರ ಮತ್ತೆ ಹೋದೆ. ಮ್ಯೂನ್‌ಸ್ಟರ್ ಮುಂದೆ ಜಯಂಟ್ ವೀಲ್ ಬಿಚ್ಚುತ್ತಿದ್ದರು. ಮಡಕೆ ಸಂತೆಯಲ್ಲಿ ಆಕೆ ಇನ್ನೂ ಇದ್ದರು. ಹೂಜಿಗೆ ಜೊತೆಯಾಗುವ ಎರಡು ಬಟ್ಟಲು ತಗೊಂಡೆ. ಕಾಗದ ಸುತ್ತುವ ಮೊದಲು ಅವಕ್ಕೂ ನೀರು ಹಾಕಿ ತೋರಿಸಿದರು.