ಸರಸ್ವತಿಪುರಂನ ಬ್ರ್ಯಾಂಡಿಂಗ್ ಕೋಚ್: ಐವತ್ತು ದಾಟಿದವರು ದುಡ್ಡು ಕೊಡಬಹುದೇ?

ಮೊದಲೇ ಹೇಳಿಬಿಡುತ್ತೇನೆ, ಕೊಡಬಹುದು. ಆದರೆ ಎಲ್ಲ ಕೋಚ್‌ಗಳಿಗೂ ಅಲ್ಲ. ಬ್ರ್ಯಾಂಡಿಂಗ್ ಕೋಚ್ ಅಂದರೆ ನಮ್ಮ ಕೆಲಸ, ಅನುಭವವನ್ನು ಹೊರಗಿನವರಿಗೆ ತಿಳಿಯುವಂತೆ ಹೇಳಿಕೊಳ್ಳಲು ನೆರವಾಗುವವರು. ನಾನು ಹೋದದ್ದು ಮೈಸೂರಿನ ಸರಸ್ವತಿಪುರಂನಲ್ಲಿರುವ ಒಬ್ಬರ ಹತ್ತಿರ.

ನಾನು ನಂಜನಗೂಡು ಕಡೆಯ ಒಂದು ಆಹಾರ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿದೆ. ಆಮೇಲೆ ಸಣ್ಣ ಕಾರ್ಖಾನೆಗಳಿಗೆ ಸಲಹೆಗಾರಳಾಗಿ ಕೆಲಸ ಮಾಡಬೇಕು, ಸಾಧ್ಯವಾದರೆ ಒಂದೆರಡು ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕಿ, ಅಂದರೆ ಆಡಳಿತ ಮಂಡಳಿಯಲ್ಲಿ ಕೂರುವ ಹೊರಗಿನ ಸದಸ್ಯೆಯಾಗಬೇಕು ಎಂಬ ಆಸೆ. ನಿರ್ದೇಶಕರಾಗಲು ಕಾಗದಪತ್ರದ ದಾರಿಯೇನೋ ಸ್ಪಷ್ಟವಾಗಿದೆ. ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆಯ ಡೇಟಾಬ್ಯಾಂಕ್‌ನಲ್ಲಿ ಹೆಸರು ನೋಂದಾಯಿಸಿ, ಆನ್‌ಲೈನ್ ಪರೀಕ್ಷೆಯಲ್ಲಿ 50% ಅಂಕ ತೆಗೆಯಬೇಕು. ಆದರೆ ಆ ಪಟ್ಟಿಯಲ್ಲಿ ಸಾವಿರಾರು ಜನ ಇದ್ದಾರೆ. ಅಷ್ಟು ಜನರಲ್ಲಿ ನನ್ನನ್ನೇ ಯಾಕೆ ಕರೆಯಬೇಕು ಅನ್ನುವುದಕ್ಕೆ ಉತ್ತರ ಬೇರೆಲ್ಲೋ ಸಿದ್ಧವಾಗಿರಬೇಕಲ್ಲ. ಅದಕ್ಕಾಗಿ ಕೋಚ್ ಹುಡುಕಿದೆ.

ನಮ್ಮ ಕಡೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಅಂದರೆ ತುತ್ತೂರಿ ಊದಿಕೊಂಡ ಹಾಗೆ ಎಂಬ ಮುಜುಗರ ಇದ್ದೇ ಇದೆ. ಅದರಲ್ಲೂ ಕಾರ್ಖಾನೆಯ ಒಳಗೆ ಕೆಲಸ ಮಾಡಿದ ಹೆಂಗಸರು ಬಹುತೇಕ ಎಲೆಮರೆಯ ಕಾಯಿಗಳೇ. ನನ್ನ ವಯಸ್ಸಿನ ಅನೇಕ ಗೆಳತಿಯರು ಅಷ್ಟು ಕೆಲಸ ಮಾಡಿ, ಬೀಳ್ಕೊಡುಗೆಯ ದಿನ ಒಂದು ಶಾಲು ಹೊದ್ದು ಮನೆಗೆ ಹೋದರು. ಅವರಿಗೆ ಗೊತ್ತಿದ್ದದ್ದು ಅವರ ಜೊತೆಗೇ ಹೋಯಿತು. ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಆದ್ದರಿಂದ ಈ ವಿಷಯವನ್ನು ಶೋಕಿ ಎಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ.

ಮೊದಲು ಮಾತಾಡಿದ್ದು ಬೆಂಗಳೂರಿನ ಒಂದು ಏಜೆನ್ಸಿ ಜೊತೆ. ತಿಂಗಳಿಗೆ 12 ಪೋಸ್ಟ್ ಅವರೇ ಬರೆದು, ಅವರೇ ಹಾಕುತ್ತಾರಂತೆ. ಅದಕ್ಕೆ ಉದ್ಯೋಗಸ್ಥರ ಜಾಲತಾಣವಾದ ಲಿಂಕ್ಡ್‌ಇನ್‌ನ ನನ್ನ ಪಾಸ್‌ವರ್ಡ್ ಕೇಳಿದರು. ಖಾತೆಯನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ ಎಂದು ಲಿಂಕ್ಡ್‌ಇನ್‌ನ ನಿಯಮದಲ್ಲೇ ಇದೆ. ಮಾದರಿ ತೋರಿಸಿ ಎಂದೆ. ಮೂವರಿಗೆ ಬರೆದುಕೊಟ್ಟದ್ದನ್ನು ತೋರಿಸಿದರು. ಒಬ್ಬರು ಬ್ಯಾಂಕ್ ಅಧಿಕಾರಿ, ಒಬ್ಬರು ಆಸ್ಪತ್ರೆಯ ಆಡಳಿತಗಾರ್ತಿ, ಇನ್ನೊಬ್ಬರು ಸಾಫ್ಟ್‌ವೇರ್‌ನವರು. ಮೂವರ ಪೋಸ್ಟೂ ಒಂದೇ ಥರ ಸೋಲಿನಿಂದ ಶುರುವಾಗಿ, ಒಂದೇ ಥರ ಪಾಠದಲ್ಲಿ ಮುಗಿಯುತ್ತಿದ್ದವು. ಮೂವರ ಕೆಲಸ ಬೇರೆ, ಬಾಯಿ ಒಂದೇ. ನಾನು ಓದದ ರಿಪೋರ್ಟಿಗೆ ಯಾವತ್ತೂ ಸಹಿ ಹಾಕಿದವಳಲ್ಲ. ನಾನು ಬರೆಯದ ಮಾತಿನ ಕೆಳಗೆ ನನ್ನ ಹೆಸರು ಹೇಗೆ ಬಿಡಲಿ?

ಸರಸ್ವತಿಪುರಂನ ಈ ಕೋಚ್ ವಿಷಯ ಹೇಳಿದ್ದು ನಮ್ಮ ಲ್ಯಾಬಿನಲ್ಲಿ ಹಿಂದೆ ಕೆಲಸ ಮಾಡಿದ ಹುಡುಗಿ. ಮನೆಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಎರಡು ಕುರ್ಚಿ, ಗೋಡೆಗೆ ಒಂದು ಬಿಳಿ ಬೋರ್ಡು. ಬೋರ್ಡಿನ ಪಕ್ಕದಲ್ಲಿ ಐಸಿಎಫ್ ಅಂದರೆ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್‌ನ ಪಿಸಿಸಿ ಎಂಬ ಹಂತದ ಪ್ರಮಾಣಪತ್ರ. ನಮ್ಮ ದೇಶದಲ್ಲಿ ಕೋಚ್ ಎಂದು ಬೋರ್ಡ್ ಹಾಕಿಕೊಳ್ಳಲು ಯಾವ ಲೈಸೆನ್ಸೂ ಬೇಕಿಲ್ಲ, ಹಾಗಾಗಿ ಇಂಥದ್ದೊಂದು ಇದ್ದರೆ ಒಳ್ಳೆಯದೇ. ಪಿಸಿಸಿ ಸಿಗಬೇಕಾದರೆ ಕನಿಷ್ಠ 500 ಗಂಟೆ ಕೋಚಿಂಗ್ ಮಾಡಿರಬೇಕು, ಅದಕ್ಕಿಂತ ಕೆಳಗಿನ ಎಸಿಸಿಗೆ 100 ಗಂಟೆ ಸಾಕು. ಯಾರು ಯಾವ ಹಂತದಲ್ಲಿದ್ದಾರೆ ಎಂದು ಐಸಿಎಫ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೋಡಬಹುದು, ನಾನು ನೋಡಿದೆ. ಆದರೆ ಆ ಪ್ರಮಾಣಪತ್ರ ಹೇಳುವುದು ಅವರಿಗೆ ಪ್ರಶ್ನೆ ಕೇಳಲು, ಕಿವಿಗೊಡಲು ಬರುತ್ತದೆ ಎಂದಷ್ಟೇ. ಬ್ರ್ಯಾಂಡಿಂಗ್ ಗೊತ್ತು ಎಂದಲ್ಲ. ಇದನ್ನು ಅವರ ಎದುರೇ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ, "ನಿಜ ಮೇಡಂ. ನಾನು ಸಲಹೆ ಕೊಡುವಾಗ ಇದು ಸಲಹೆ ಅಂತ ಹೇಳಿಯೇ ಕೊಡ್ತೀನಿ. ಬೇಡ ಅನ್ನಿಸಿದ್ರೆ ಬಿಟ್ಬಿಡಿ" ಎಂದರು. ಕೊನೆಯವರೆಗೂ ಹಾಗೇ ನಡೆದುಕೊಂಡರು.

ನಾನು ಅವರನ್ನು ಒಪ್ಪಿಕೊಂಡದ್ದು ದುಡ್ಡಿಲ್ಲದ ಮೊದಲ ಅರ್ಧ ಗಂಟೆಯಲ್ಲಿ. ಫೋಟೋ ಕೇಳಲಿಲ್ಲ, ರೆಸ್ಯೂಮೆ ತೆರೆಯಲಿಲ್ಲ. "ನಿಮ್ಮ ಕೈಯಿಂದ ನಿಂತುಹೋದ ಒಂದು ಲಾಟ್ ಬಗ್ಗೆ ಹೇಳಿ" ಎಂದರು. ಲಾಟ್ ಅಂದರೆ ಒಂದೇ ಸಲಕ್ಕೆ ತಯಾರಾದ ಸರಕು. ಹೇಳಿದೆ. ಮಳೆಗಾಲ, ಖಾರದಪುಡಿಯ ಲಾಟ್, ಲಾರಿ ಗೇಟಿನಲ್ಲಿ ನಿಂತಿದೆ. ಖಾರದಪುಡಿಯಲ್ಲಿ ತೇವಾಂಶ 11% ದಾಟಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ, ನಮ್ಮ ಸ್ಯಾಂಪಲ್ಲು 11.6 ತೋರಿಸುತ್ತಿದೆ. ಇಷ್ಟಕ್ಕೆಲ್ಲ ಏನಾಗುತ್ತೆ ಮೇಡಂ, ಬಿಡಿ ಎಂದು ಮಾರಾಟ ವಿಭಾಗದಿಂದ ಫೋನಿನ ಮೇಲೆ ಫೋನು. ನಾನು ಬಿಡಲಿಲ್ಲ, ಸಹಿ ಹಾಕಲಿಲ್ಲ. ಲಾರಿ ಖಾಲಿ ವಾಪಸ್ ಹೋಯಿತು. ಆಮೇಲೆ ಹುಡುಕಿದರೆ, ತೇವ ಸೇರುತ್ತಿದ್ದದ್ದು ಪುಡಿ ಮಾಡಿದ್ದನ್ನು ಪ್ಯಾಕಿಂಗಿಗೆ ಮುಂಚೆ ಇಟ್ಟಿರುವ ಜಾಗದಲ್ಲಿ. ಪರೀಕ್ಷೆಯನ್ನು ಪ್ಯಾಕ್ ಆದ ಮೇಲಿನಿಂದ ಪ್ಯಾಕಿಂಗಿಗೆ ಮುಂಚೆಗೆ ತಂದೆವು, ಆ ಜಾಗ ಮುಚ್ಚಿಸಿದೆವು.

ಅವರು ಬೋರ್ಡಿನ ಮೇಲೆ ಬರೆದುಕೊಂಡಿದ್ದು ನನ್ನ ಬಾಯಿಂದ ಬಂದ ಎರಡೇ ಸಾಲು: "ಲಾರಿ ಗೇಟಿನಲ್ಲಿತ್ತು. ಸಹಿ ನನ್ನದಾಗಬೇಕಿತ್ತು." ನನ್ನ ಲಿಂಕ್ಡ್‌ಇನ್ ಪ್ರೊಫೈಲ್‌ನ ಪರಿಚಯ ಭಾಗ ಇವತ್ತು ಶುರುವಾಗುವುದೇ ಆ ಎರಡು ಸಾಲಿನಿಂದ. ಅಲ್ಲಿ 2600 ಅಕ್ಷರದವರೆಗೆ ಬರೆಯಬಹುದು, ಆದರೆ ಒತ್ತಿ ತೆರೆಯದವರಿಗೆ ಕಾಣುವುದು ಮೊದಲ ಕೆಲವು ಸಾಲು ಮಾತ್ರ. ಹೆಡ್‌ಲೈನಿಗೆ, ಅಂದರೆ ಹೆಸರಿನ ಕೆಳಗಿನ ಸಾಲಿಗೆ, 220 ಅಕ್ಷರ. ಅಲ್ಲಿ ಹಿಂದೆ ಹುದ್ದೆಯ ಹೆಸರು, ಪ್ಯಾಷನೇಟ್ ಲೀಡರ್, ಸಿಕ್ಸ್ ಸಿಗ್ಮಾ, ಮೆಂಟರ್ ಎಂದೆಲ್ಲ ಸಾಲಾಗಿ ಇತ್ತು. ಈಗ ಇರುವುದು, ಸಣ್ಣ ಮತ್ತು ಮಧ್ಯಮ ಆಹಾರ ಕಾರ್ಖಾನೆಗಳಿಂದ ಕೆಟ್ಟ ಲಾಟ್ ಹೊರಗೆ ಹೋಗದಂತೆ ವ್ಯವಸ್ಥೆ ಕಟ್ಟಿಕೊಡುತ್ತೇನೆ ಎಂಬ ಅರ್ಥದ ಒಂದೇ ಮಾತು. ಇದನ್ನೂ ಅವರು ಬರೆದುಕೊಡಲಿಲ್ಲ. ನಾನು ಬರೆದದ್ದನ್ನು ಓದಿ, "ಇದನ್ನ ಬೇರೆ ಯಾರಾದ್ರೂ ಹೇಳಬಹುದಾ?" ಎಂದು ಕೇಳುತ್ತಾ ಹೋದರು. ಯಾರು ಬೇಕಾದರೂ ಹೇಳಬಹುದಾದ ಪದವೆಲ್ಲ ಹೋಯಿತು.

ಹಿರಿಯರು ಕೋಚ್ ಆರಿಸುವಾಗ ನೋಡಬೇಕಾದದ್ದು ಇದೇ ಎಂದು ನನಗೆ ಬಲವಾಗಿ ಅನ್ನಿಸಿದೆ. ಇಪ್ಪತ್ತೈದರ ಹುಡುಗನಿಗೆ ಸಾವಿರ ಜನ ನೋಡಬೇಕು, ಯಾಕೆಂದರೆ ಅವನನ್ನು ಯಾರೂ ಅರಿಯರು. ನಮ್ಮ ವಿಷಯ ಹಾಗಲ್ಲ. ಆಡಿಟರುಗಳು, ಮಾಲು ಸರಬರಾಜು ಮಾಡುವವರು, ಹಳೆಯ ಸಹೋದ್ಯೋಗಿಗಳು ನಮ್ಮ ಕೆಲಸ ಕಂಡಿದ್ದಾರೆ. ಅವರಲ್ಲಿ ಯಾರೋ ನಮ್ಮ ಹೆಸರು ಹೇಳುತ್ತಾರೆ, ಕೇಳಿದವರು ಖಾತ್ರಿ ಮಾಡಿಕೊಳ್ಳಲು ಪ್ರೊಫೈಲ್ ತೆರೆಯುತ್ತಾರೆ. ಆ ಕ್ಷಣದಲ್ಲಿ ಅಲ್ಲಿರುವ ಮಾತು ಮತ್ತು ಅವರು ಕೇಳಿದ ಮಾತು ತಾಳೆಯಾಗಬೇಕು. ಲೈಕುಗಳ ಲೆಕ್ಕದಲ್ಲಿ ಯಶಸ್ಸು ತೋರಿಸುವ ಕೋಚ್ ನಮ್ಮಂಥವರಿಗೆ ಬೇಡವೇ ಬೇಡ. ಈ ಕೋಚ್ ಲೈಕಿನ ಸುದ್ದಿಯನ್ನೇ ಎತ್ತಲಿಲ್ಲ. ನನ್ನ ಕೆಲಸ ಕಣ್ಣಾರೆ ಕಂಡವರ ಪಟ್ಟಿ ಮಾಡಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಮಾತಾಡಿ ಎಂದರು.

ಇನ್ನೊಂದು ದೊಡ್ಡ ವಿಷಯ ಗೋಪ್ಯತೆ. ಶುರು ಮಾಡುವ ಮುಂಚೆ ಎರಡು ಪುಟದ ಒಪ್ಪಂದ ಕೊಟ್ಟರು. ಆಡಿದ ಮಾತು ಹೊರಗೆ ಹೋಗದು, ರೆಕಾರ್ಡಿಂಗ್ ನನ್ನ ಒಪ್ಪಿಗೆ ಇದ್ದರೆ ಮಾತ್ರ, ಮಧ್ಯದಲ್ಲಿ ಬಿಟ್ಟರೆ ಉಳಿದ ಸೆಷನ್ನಿನ ಹಣ ವಾಪಸ್. ಲಾರಿಯ ಪ್ರಸಂಗ ಬರೆಯುವ ಮುಂಚೆ, ಹೊರಗೆ ಏನು ಹೇಳಬಹುದು ಎಂದು ನಿಮ್ಮ ನೇಮಕಾತಿ ಪತ್ರ ತೆಗೆದು ಓದಿಕೊಂಡು ಬನ್ನಿ ಎಂದದ್ದೂ ಅವರೇ. ಗ್ರಾಹಕರ ಹೆಸರು, ವರ್ಷ, ಲಾಟಿನ ಸಂಖ್ಯೆ ಯಾವುದೂ ಪ್ರೊಫೈಲ್‌ನಲ್ಲಿಲ್ಲ. ಈ ಬರಹಕ್ಕೂ ನಮ್ಮ ಆಡಳಿತದ ಒಪ್ಪಿಗೆ ಪಡೆದಿದ್ದೇನೆ. ದೊಡ್ಡ ಹುದ್ದೆಯಲ್ಲಿರುವವರು ಒಂದು ಸಾಲು ತಪ್ಪಿ ಬರೆದರೆ ಕಂಪನಿಗೇ ಪೆಟ್ಟು. ಅದರ ಅರಿವಿಲ್ಲದ ಕೋಚ್ ಹತ್ತಿರ ಹೋಗಬೇಡಿ.

ಶುಲ್ಕ ಆರು ಸೆಷನ್ನಿಗೆ 36,000 ರೂಪಾಯಿ, ಮೇಲೆ 18% ಜಿಎಸ್‌ಟಿ, ಒಟ್ಟು 42,480. ಮೈಸೂರಿನ ಮಟ್ಟಿಗೆ ಇದು ಕಡಿಮೆಯಲ್ಲ. ಕಂತಿನಲ್ಲಿ ಕೊಡಬಹುದು, ರಸೀದಿ ಸರಿಯಾಗಿ ಕೊಡುತ್ತಾರೆ.

ಕೊರತೆಗಳೂ ಇವೆ. ಫೋಟೋ ವಿಷಯದಲ್ಲಿ ಅವರಿಂದ ಏನೂ ಸಹಾಯವಿಲ್ಲ, ಸ್ಟುಡಿಯೋ ನಾವೇ ನೋಡಿಕೊಳ್ಳಬೇಕು. ಬರೆದು ಕಳಿಸಿದ್ದಕ್ಕೆ ಉತ್ತರ ಬರಲು ಒಮ್ಮೊಮ್ಮೆ ವಾರವೇ ಹಿಡಿಯಿತು, ಅಷ್ಟು ಹಣ ಪಡೆದವರು ಇದನ್ನು ಸರಿಪಡಿಸಿಕೊಳ್ಳಲೇಬೇಕು. ಕನ್ನಡದಲ್ಲಿ ಬರೆಯಬೇಕೆಂದಾಗ ಅವರಿಗೆ ಅಷ್ಟು ಉತ್ಸಾಹ ಇರಲಿಲ್ಲ. ಆದರೆ ನನ್ನನ್ನು ಕರೆಯಬಹುದಾದ ಸಣ್ಣ ಕಾರ್ಖಾನೆಗಳ ಮಾಲೀಕರು ಓದುವುದು ಕನ್ನಡವನ್ನು. ಅದು ನನ್ನ ಹಠದಿಂದ ಆಯಿತು, ಅಲ್ಲಿ ಅವರ ಪಾಲು ಕಡಿಮೆ. ಸಂಜೆ ಹೊತ್ತು ಕಾಂತರಾಜ ಅರಸ್ ರಸ್ತೆ ಕಡೆ ಕಾರು ನಿಲ್ಲಿಸುವುದೂ ಕಷ್ಟ, ಬೆಳಗ್ಗೆ ಸಮಯ ಕೇಳಿ.

ಫಲ ಏನು ಎಂದರೆ, ಮಂಡ್ಯ ಕಡೆ ಬೆಲ್ಲದ ಘಟಕ ನಡೆಸುವವರೊಬ್ಬರು ಫೋನ್ ಮಾಡಿದರು. ಆಡಿಟರ್ ಒಬ್ಬರಿಂದ ನನ್ನ ಹೆಸರು ಕೇಳಿದ್ದರಂತೆ. "ಮೇಡಂ, ಆ ಲಾರಿ ವಿಷ್ಯ ಓದ್ದೆ. ನಮ್ಮಲ್ಲೂ ಮಳೆಗಾಲ ಬಂದ್ರೆ ಇದೇ ತಾಪತ್ರಯ, ಅಚ್ಚೆಲ್ಲ ಕರಗ್ತವೆ. ಒಂದ್ಸಲ ಬಂದ್ ನೋಡಿ" ಎಂದರು. ಕೆಲಸದಲ್ಲಿರುವವರೆಗೆ ಹೊರಗಿನ ಕೆಲಸ ಹಿಡಿಯುವಂತಿಲ್ಲ ಎಂದು ತಿಳಿಸಿದೆ, ಕಾಯುತ್ತೇನೆ ಎಂದಿದ್ದಾರೆ. ನಿರ್ದೇಶಕರ ಹುದ್ದೆಗೆ ಇನ್ನೂ ಯಾರೂ ಕರೆದಿಲ್ಲ.

ಒಂದೆರಡು ತಿಂಗಳಲ್ಲೇ ಹೊಸ ಕೆಲಸ ಬೇಕಾದವರು ಇವರ ಹತ್ತಿರ ಹೋಗಬೇಡಿ, ಇದು ನಿಧಾನದ ಕೆಲಸ. ಅವರಿಗೆ ಒಳ್ಳೆಯ ರೆಸ್ಯೂಮೆ ಬರೆದುಕೊಡುವವರು, ನೇಮಕಾತಿ ಏಜೆಂಟರೇ ಸರಿ. ನಾಲ್ಕೈದು ವರ್ಷ ಮುಂದಿನದನ್ನು ಯೋಚಿಸುತ್ತಿರುವವರು ಆ ಮೊದಲ ಅರ್ಧ ಗಂಟೆಗೆ ಸಮಯ ತೆಗೆದುಕೊಳ್ಳಿ. ಹೋಗುವ ಹಿಂದಿನ ದಿನ ನೀವು ತಡೆದ, ಉಳಿಸಿದ ಅಥವಾ ಕಟ್ಟಿದ ಒಂದು ಕೆಲಸವನ್ನು ನೆನಪು ಮಾಡಿಕೊಂಡು ಇಟ್ಟುಕೊಳ್ಳಿ, ಅವರು ಕೇಳುವುದು ಅದನ್ನೇ.