ಎರಡೂವರೆ ವರ್ಷ ಬಳಸಿದ ಮೇಲೆ: ಯುಎಸ್‌ಬಿ-ಆರ್‌ಎಸ್485 ಅಡಾಪ್ಟರ್ ಮತ್ತು ನಮ್ಮನೆ ಸಂಪ್ ಮೋಟರ್

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಅಮ್ಮನಿಗೆ ಮಂಡಿ ನೋವು. ದಿನಕ್ಕೆರಡು ಸಲ ಹೊರಗೆ ಹೋಗಿ ಮೋಟರ್ ಸ್ವಿಚ್ ಹಾಕುವುದು, ಟ್ಯಾಂಕ್ ತುಂಬಿ ಸುರಿಯುವ ಸದ್ದು ಕೇಳಿ ಮತ್ತೆ ಎದ್ದು ಹೋಗುವುದು ಅವರಿಗೆ ಕಷ್ಟ. ಅದು ತಪ್ಪಲಿ ಅಂತ ಈ ಕೆಲಸವನ್ನು ಹೋಮ್ ಅಸಿಸ್ಟೆಂಟ್‌ಗೆ, ಅಂದರೆ ಮನೆಯ ಸಾಧನಗಳನ್ನು ತಾನೇ ನಡೆಸುವ ಸಾಫ್ಟ್‌ವೇರ್‌ಗೆ, ಒಪ್ಪಿಸಿದೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಅನ್ನುವ ಲಿನಕ್ಸ್, ಅದರ ಮೇಲೆ ಡಾಕರ್. ಹೋಮ್ ಅಸಿಸ್ಟೆಂಟ್ ಓಡುವುದು ಡಾಕರ್‌ನ ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯೊಳಗೆ. ಟ್ಯಾಂಕಿನಲ್ಲಿ ನೀರಿನ ಮಟ್ಟದ ಸೆನ್ಸರ್, ಸಂಪ್ ಹತ್ತಿರ ಮೋಟರ್ ಆನ್-ಆಫ್ ಮಾಡುವ ರಿಲೇ ಬೋರ್ಡ್. ಎರಡೂ ಆರ್‌ಎಸ್485 ಅನ್ನುವ ವೈರ್ ಸಂಪರ್ಕದ ಮೇಲೆ ಮಾಡ್‌ಬಸ್ ಅನ್ನುವ ಭಾಷೆಯಲ್ಲಿ ಮಾತಾಡುವಂಥವು. ಇವನ್ನು ಲ್ಯಾಪ್‌ಟಾಪ್‌ಗೆ ಸೇರಿಸುವುದೇ ಈ ಪುಟ್ಟ ಅಡಾಪ್ಟರ್. ಸಿಎಚ್340 ಚಿಪ್‌ನದು, ಮುನ್ನೂರು ರೂಪಾಯಿ ಒಳಗೇ ಸಿಕ್ಕಿತು.

ಮೊದಲ ವಾರ ಪೂರ್ತಿ ಪೋರ್ಟ್ ಹುಡುಕುವುದರಲ್ಲೇ ಹೋಯಿತು. ಅಡಾಪ್ಟರ್ ಚುಚ್ಚಿದರೆ ಲಿನಕ್ಸ್ ಅದಕ್ಕೆ ಕೊಡುವ ಪೋರ್ಟ್ ಹೆಸರು ಟಿಟಿವೈಯುಎಸ್‌ಬಿ0 ಅಂತ ಒಂದು ಕ್ಷಣ ಕಾಣಿಸುತ್ತಿತ್ತು, ತಕ್ಷಣ ಮಾಯ. ಅಡಾಪ್ಟರ್ ಕೆಟ್ಟಿದೆ ಅಂತ ವಾಪಸ್ ಕಳಿಸಲು ಡಬ್ಬಿಗೂ ಹಾಕಿದ್ದೆ. ಕೊನೆಗೆ ಲಿನಕ್ಸ್‌ನ ಒಳಗಿನ ದಾಖಲೆ ತೋರಿಸುವ dmesg ಓದಿದಾಗ ಕಾರಣ ತಿಳಿಯಿತು. ಕಣ್ಣು ಕಾಣದವರು ಬಳಸುವ ಬ್ರೈಲ್ ಸಾಧನಕ್ಕಾಗಿ ಉಬುಂಟುವಿನಲ್ಲಿ ಬಿಆರ್‌ಎಲ್‌ಟಿಟಿವೈ ಅನ್ನುವ ಪ್ರೋಗ್ರಾಂ ಇದೆ. ಅದು ಈ ಚಿಪ್ಪನ್ನು ಬ್ರೈಲ್ ಸಾಧನ ಅಂದುಕೊಂಡು ಹಿಡಿದುಕೊಳ್ಳುತ್ತಿತ್ತು. ಆ ಪ್ರೋಗ್ರಾಂ ತೆಗೆದುಹಾಕಿದೆ, ಪೋರ್ಟ್ ಮಾಯವಾಗದೆ ಉಳಿಯಿತು. ಮನೆಯಲ್ಲಿ ಯಾರಾದರೂ ಬ್ರೈಲ್ ಸಾಧನ ಬಳಸುತ್ತಿದ್ದರೆ ಮಾತ್ರ ಅದನ್ನು ತೆಗೆಯಬೇಡಿ. ಬೇರೆ ಚಿಪ್‌ನ ಅಡಾಪ್ಟರ್ ನೋಡಿ.

ಆಮೇಲೆ ಪೋರ್ಟ್ ಪರೀಕ್ಷಿಸಲು ಮಿನಿಕಾಂ ಅನ್ನುವ ಪ್ರೋಗ್ರಾಂ ತೆರೆದರೆ 'ಪರ್ಮಿಷನ್ ಡಿನೈಡ್'. ನಮ್ಮ ಯೂಸರ್ ಹೆಸರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗ್ರೂಪ್‌ಗೆ ಸೇರಿಸಬೇಕು. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು, ಇಲ್ಲದಿದ್ದರೆ ಏನೂ ಬದಲಾಗುವುದಿಲ್ಲ. ಡಾಕರ್ ಬಳಸುವವರು ಪೋರ್ಟನ್ನು ಕಂಟೇನರ್‌ಗೂ ಕೊಡಬೇಕು. ಅದನ್ನು ಮರೆತರೆ ಲ್ಯಾಪ್‌ಟಾಪ್‌ಗೆ ಕಾಣುವ ಪೋರ್ಟ್ ಹೋಮ್ ಅಸಿಸ್ಟೆಂಟ್‌ಗೆ ಕಾಣುವುದೇ ಇಲ್ಲ.

ವೈರಿಂಗ್ ವಿಷಯ. ಸೆನ್ಸರ್‌ವರೆಗೆ ಸುಮಾರು 18 ಮೀಟರ್. ಆರ್‌ಎಸ್485 ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಹೋಗುತ್ತದೆ, ಹಾಗಾಗಿ ದೂರದ ಚಿಂತೆ ಇರಲಿಲ್ಲ. ಕ್ಯಾಟ್6 ಕೇಬಲ್‌ನ ಒಂದು ಹೆಣೆದ ಜೋಡಿ ಎ, ಬಿ ಅಂತ ಗುರುತಿಸಿದ ಎರಡು ಟರ್ಮಿನಲ್‌ಗಳಿಗೆ, ಇನ್ನೊಂದು ವೈರ್ ಗ್ರೌಂಡ್‌ಗೆ. ಆದರೂ ಉತ್ತರ ಇಲ್ಲ. ಎ, ಬಿ ಅದಲುಬದಲು ಮಾಡಿದ ಕೂಡಲೇ ಸೆನ್ಸರ್ ಮಾತಾಡಿತು! ಈ ಎರಡು ಅಕ್ಷರಗಳನ್ನು ಎಲ್ಲ ತಯಾರಕರೂ ಒಂದೇ ರೀತಿ ಬಳಸುವುದಿಲ್ಲ. ತಿರುಗಿಸಿ ನೋಡಿದರೆ ಏನೂ ಸುಡುವುದಿಲ್ಲ, ಧೈರ್ಯವಾಗಿ ಮಾಡಿ. ಇನ್ನೊಂದು ತೊಡಕೂ ಇತ್ತು. ಸೆನ್ಸರ್, ರಿಲೇ ಎರಡೂ ಫ್ಯಾಕ್ಟರಿಯಿಂದ 1ನೇ ವಿಳಾಸ ಇಟ್ಟುಕೊಂಡೇ ಬಂದಿದ್ದವು. ರಿಲೇಯೊಂದನ್ನೇ ಜೋಡಿಸಿ ಅದರ ವಿಳಾಸ 2 ಮಾಡಿದೆ. ಸಿಗ್ನಲ್ ವೈರಿನ ತುದಿಯಿಂದ ಪ್ರತಿಫಲಿಸದಂತೆ ತಡೆಯುವ 120 ಓಮ್ ರೆಸಿಸ್ಟರ್ ಹಾಕಿಯೂ ನೋಡಿದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಇಷ್ಟು ಹತ್ತಿರಕ್ಕೆ ವ್ಯತ್ಯಾಸ ಕಾಣಲಿಲ್ಲ.

ಏಳೆಂಟು ತಿಂಗಳು ತೊಂದರೆಯೇ ಇರಲಿಲ್ಲ. ಆಮೇಲೆ ಆಯುಧಪೂಜೆ ಬಂತು.

ಹಿಂದಿನ ದಿನ ಲ್ಯಾಪ್‌ಟಾಪ್ ಆಫ್ ಮಾಡಿ, ಎಲ್ಲ ಬಿಚ್ಚಿ, ಧೂಳು ಒರೆಸಿ ಮತ್ತೆ ಚುಚ್ಚಿದ್ದೆ. ಮನೆ ತುಂಬ ದಸರಾಗೆ ಬಂದ ನೆಂಟರು. ಬೆಳಿಗ್ಗೆ ಆರಕ್ಕೆ ಅಮ್ಮ ಬಂದು, "ಟ್ಯಾಂಕ್ ಖಾಲಿ ಆಗೋಗಿದೆ ಕಣಪ್ಪ, ಇನ್ನೂ ಯಾರದ್ದೂ ಸ್ನಾನ ಆಗಿಲ್ಲ" ಅಂದರು. ವೈರ್ ತುಂಡಾಗಿದೆ ಅಂದುಕೊಂಡು ಎರಡು ಗಂಟೆ ತಾರಸಿಯ ಮೇಲೆ ಹುಡುಕಿದೆ. ಅಷ್ಟು ಹೊತ್ತೂ ಮನೆಯವರೆಲ್ಲ ಸಂಪ್‌ನಿಂದ ಬಕೆಟ್‌ನಲ್ಲಿ ನೀರು ಸೇದಿದರು. ಅಮ್ಮನೂ ಒಂದು ಬಕೆಟ್ ಹಿಡಿದಿದ್ದರು. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು.

ವೈರ್ ಸರಿಯಾಗಿಯೇ ಇತ್ತು. ಅದೇ ಲ್ಯಾಪ್‌ಟಾಪ್‌ನಲ್ಲಿ ವೈರ್‌ಲೆಸ್ ಸ್ಮಾರ್ಟ್ ಸಾಧನಗಳಿಗೆ ಬಳಸುವ ಜಿಗ್‌ಬೀ ಡಾಂಗಲ್ ಕೂಡ ಇದೆ, ಅದೂ ಸೀರಿಯಲ್ ಪೋರ್ಟೇ. ಲಿನಕ್ಸ್ ಯಾವುದು ಮೊದಲು ಕಂಡರೆ ಅದಕ್ಕೆ 0, ಮುಂದಿನದಕ್ಕೆ 1 ಕೊಡುತ್ತದೆ. ಮತ್ತೆ ಚುಚ್ಚಿದಾಗ ಆ ನಂಬರ್ ಅದಲುಬದಲಾಗಿತ್ತು. ಮಾಡ್‌ಬಸ್ ಹೋಗಿ ಜಿಗ್‌ಬೀ ಬಾಗಿಲು ತಟ್ಟುತ್ತಿತ್ತು, ಅಷ್ಟೇ.

ಇದನ್ನು ಓದುವವರು ಬೇರೆ ಎಲ್ಲ ಬಿಟ್ಟರೂ ಇದೊಂದು ಮಾಡಿ. ಸೆಟ್ಟಿಂಗ್‌ನಲ್ಲಿ ಟಿಟಿವೈಯುಎಸ್‌ಬಿ0 ಅಂತ ಬರೆಯಲೇಬೇಡಿ. ಡೆವ್ (/dev) ಫೋಲ್ಡರ್ ಒಳಗೆ ಸೀರಿಯಲ್, ಅದರೊಳಗೆ ಬೈ-ಐಡಿ ಅನ್ನುವ ಫೋಲ್ಡರ್ ಇದೆ. ಅಲ್ಲಿರುವ ಉದ್ದ ಹೆಸರು ಆ ಸಾಧನದ್ದೇ, ಯಾವ ಪೋರ್ಟ್‌ಗೆ ಚುಚ್ಚಿದರೂ ಅದೇ ಇರುತ್ತದೆ. ಅದನ್ನೇ ಹಾಕಿ. ಸಿಎಚ್340ನ ಎರಡು ಅಡಾಪ್ಟರ್ ಒಟ್ಟಿಗೆ ಇದ್ದರೆ ಮಾತ್ರ ಇದು ನಡೆಯುವುದಿಲ್ಲ. ಸಾಮಾನ್ಯವಾಗಿ ಅವುಗಳಲ್ಲಿ ಬೇರೆ ಬೇರೆ ಸೀರಿಯಲ್ ನಂಬರ್ ಇರುವುದಿಲ್ಲ, ಎರಡಕ್ಕೂ ಒಂದೇ ಹೆಸರು ಬರುತ್ತದೆ. ಆಗ ಚುಚ್ಚಿದ ಜಾಗ ನೋಡಿ ಇಟ್ಟ ಬೈ-ಪಾತ್ ಹೆಸರು ಹಾಕಿ, ಚುಚ್ಚಿದ ಜಾಗ ಬದಲಿಸಬೇಡಿ.

ಆ ಅಡಾಪ್ಟರ್ ಮುಂದಿನ ಮೇ ತಿಂಗಳ ಗುಡುಗು ಮಳೆಯಲ್ಲಿ ಹೋಯಿತು. ತಾರಸಿಯಿಂದ ಬರುವ ವೈರ್ ಅಲ್ವಾ, ಇದನ್ನು ಮೊದಲೇ ಯೋಚಿಸಬೇಕಿತ್ತು. ಲ್ಯಾಪ್‌ಟಾಪ್ ಉಳಿದದ್ದೇ ಪುಣ್ಯ. ಈಗಿರುವುದು ಐಸೋಲೇಷನ್, ಅಂದರೆ ವೈರ್ ಕಡೆಗೂ ಲ್ಯಾಪ್‌ಟಾಪ್ ಕಡೆಗೂ ನೇರ ವಿದ್ಯುತ್ ಸಂಪರ್ಕ ಇಲ್ಲದಂತೆ ಮಾಡುವ ವ್ಯವಸ್ಥೆ, ಇರುವ ಎಫ್‌ಟಿಡಿಐ ಕಂಪನಿಯ ಚಿಪ್‌ನದು. ಬೆಲೆ ನಾಲ್ಕೈದು ಪಟ್ಟು ಜಾಸ್ತಿ, ಆದರೆ ವೈರ್ ಮನೆಯ ಹೊರಗೆ ಹೋಗುತ್ತದೆ ಅಂದರೆ ಅದನ್ನೇ ಕೊಳ್ಳಿ. ಒಳಗಿನ ಕೆಲಸಕ್ಕೆ ಅಗ್ಗದ್ದು ಸಾಕು. ಅದಕ್ಕೆ ಐದಕ್ಕೆ ಮೂರು ಕೊಡುತ್ತೇನೆ, ಇದಕ್ಕೆ ನಾಲ್ಕೂವರೆ.

ಆಯುಧಪೂಜೆ ಆದ ವಾರವೇ ಎಲೆಕ್ಟ್ರಿಷಿಯನ್ ಕರೆಸಿ ರಿಲೇ ಜೊತೆಗೆ ಒಂದು ಮಾಮೂಲಿ ಸ್ವಿಚ್ ಕೂಡ ಹಾಕಿಸಿದೆ, ಅಡುಗೆಮನೆ ಬಾಗಿಲ ಹತ್ತಿರ. ಲ್ಯಾಪ್‌ಟಾಪ್ ಕೈಕೊಟ್ಟರೂ ಅಮ್ಮ ಅಂಗಳಕ್ಕೆ ಇಳಿಯದೆ ಮೋಟರ್ ಹಾಕಬಹುದು.